ಹಲ್ಲಿಯಲ್ಲ, ಹಳ್ಳಿ

ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ ನನ್ನ ಮಗಳಿಗೆ ಹದಿನೈದು. ಮೈಸೂರಿನಲ್ಲಿರುವ ಅಕ್ಕನ ಮಗನಿಗೂ ಅದೇ ವಯಸ್ಸು. ಇವಳು ಪೆನ್ನು ಹಿಡಿಯುವುದೇ ಅಪರೂಪ. ಅವನು ಎಸ್ಸೆಸ್ಸೆಲ್ಸಿಗಾಗಿ ದಿನವೂ ಪುಟಗಟ್ಟಲೆ ಬರೆಯುತ್ತಾನೆ. ಕಳೆದ ಬೇಸಿಗೆಯಲ್ಲಿ ಅವನ ಕನ್ನಡ ನೋಟ್‌ಬುಕ್ಕನ್ನು ಕಣ್ಣಿಗೊತ್ತಿಕೊಳ್ಳಬೇಕು ಎನ್ನಿಸಿತು. ತಲೆಕಟ್ಟು, ಒತ್ತಕ್ಷರ ಎಲ್ಲವೂ ಅಷ್ಟು ದುಂಡಗೆ.

ಅದೇ ಹುಡುಗ ವಾಟ್ಸಾಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾನೆ. ನಾಳೆ ಹಳ್ಳಿಗೆ ಹೋಗುತ್ತೇವೆ ಎಂದು ಕಳಿಸಿದ್ದನ್ನು ಮಗಳು ಎರಡು ಸಲ ಓದಿ, "ಅಪ್ಪಾ, ಹಲ್ಲಿಗೆ ಯಾಕೆ ಹೋಗುತ್ತಾರೆ?" ಎಂದು ಕೇಳಿದಳು. ಆ ಲಿಪಿಯಲ್ಲಿ ಎರಡಕ್ಕೂ ಒಂದೇ ರೂಪ. ಊರಲ್ಲಿ ಬೆಳೆದವನಿಗೆ ಕಿವಿಯೇ ಅರ್ಥ ಹೇಳುತ್ತದೆ. ಹೊರನಾಡಿನ ಮಗುವಿಗೆ ಅಕ್ಷರವೇ ಆಸರೆ.

ಇಲ್ಲಿನ ಪದ್ಧತಿಯಲ್ಲಿ ನನಗೆ ಮೆಚ್ಚುಗೆಯಾದದ್ದು ತಿದ್ದಿ ಬರೆಯುವುದು. ಮಗಳು ಒಂದು ಪ್ರಬಂಧವನ್ನು ಮೂರು ಸಲವಾದರೂ ಬರೆಯುತ್ತಾಳೆ. ಮೊದಲ ಕರಡಿನ ಅಂಚಿನಲ್ಲಿ ಶಿಕ್ಷಕರು "ಇದನ್ನು ಹೇಗೆ ಬಲ್ಲೆ?" ಎಂದು ಕೇಳಿರುತ್ತಾರೆ, ಅವಳು ಇಡೀ ಪ್ಯಾರಾ ಅಳಿಸಿ ಮತ್ತೆ ಕೂರುತ್ತಾಳೆ. ಅಕ್ಕನ ಮಗ ಪತ್ರಲೇಖನ, ಪ್ರಬಂಧ ಎರಡನ್ನೂ ಗೈಡಿನಿಂದ ಬಾಯಿಪಾಠ ಮಾಡುತ್ತಾನೆ. ಅಷ್ಟು ಚೆಂದದ ಕೈಬರಹದಲ್ಲಿ ಅವನದೇ ಒಂದು ವಾಕ್ಯ ಕಾಣದಿದ್ದದ್ದು ನನಗೆ ಸಂಕಟ ತಂದಿತು. ಹಾಗೆಂದು ಕೈಬರಹ ಬೇಡವೆನ್ನಲಾರೆ. ಕ್ಯಾಲಿಫೋರ್ನಿಯಾವೇ 2023ರಲ್ಲಿ ಕಾನೂನು ಮಾಡಿ, 1ರಿಂದ 6ನೇ ತರಗತಿಯ ಮಕ್ಕಳಿಗೆ ಕೂಡುಬರಹವನ್ನು ಮತ್ತೆ ಕಲಿಸಲು ಹೊರಟಿದೆ.

ನನ್ನ ಮಾತು ಇಷ್ಟೇ: ಹದಿಹರೆಯದವರು ದಿನವಿಡೀ ಬರೆಯುವುದು ಫೋನಿನಲ್ಲಿ. ಕನ್ನಡ ಲಿಪಿ ಅಲ್ಲಿಗೆ ಹೋಗದೆ ಉತ್ತರಪತ್ರಿಕೆಯಲ್ಲೇ ಉಳಿದರೆ, ಪರೀಕ್ಷೆ ಮುಗಿದ ದಿನವೇ ಕೈ ಅದನ್ನು ಮರೆಯತೊಡಗುತ್ತದೆ. ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಅಕ್ಷರ ಮೂಡಿಸುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಬಂದು ಎಷ್ಟೋ ವರ್ಷಗಳಾದವು. ಕಾಗುಣಿತ ಕಲಿಸಿದಷ್ಟೇ ಶ್ರದ್ಧೆಯಿಂದ ಅದನ್ನೂ ಶಾಲೆಯಲ್ಲಿ ಕಲಿಸಬೇಕು.

ವಾರಾಂತ್ಯದ ಕನ್ನಡ ತರಗತಿಯಲ್ಲಿ ಮಗಳು ಅದನ್ನು ಕಲಿತಿದ್ದಾಳೆ. ಹೋದ ವಾರ ವಿಡಿಯೊ ಕರೆಯಲ್ಲಿ ಅವನಿಗೆ, 'ಲ' ಬೇಕಾದರೆ ಸಣ್ಣ ಎಲ್, 'ಳ' ಬೇಕಾದರೆ ದೊಡ್ಡ ಎಲ್ ಎಂದು ತೋರಿಸಿಕೊಟ್ಟಳು. ನಾಲ್ಕು ಪದ ಮೂಡಿಸಲು ಅವನಿಗೆ ಎರಡು ನಿಮಿಷ ಹಿಡಿಯಿತು. ಇವಳು ಅವಸರಪಡಿಸದೆ ಕಾದಳು.