ಬರೀ ಅನ್ನ ಹಾಕಿದರೆ ಸಾಲದು, ಸಾರೂ ಬೇಕು

ಸಮುದ್ರಕ್ಕೆ ಚೆಲ್ಲಿದ ಎಣ್ಣೆಯನ್ನು ಬ್ಯಾಕ್ಟೀರಿಯಾಗಳೇ ತಿಂದು ಮುಗಿಸುತ್ತವೆ ಎಂದು ಒಂದು ಲೇಖನದಲ್ಲಿ ಓದಿದೆ. ಅರ್ಧ ಸರಿ. 'ಹಾಗಾದ್ರೆ ಅವನ್ನೇ ತಂದು ಬೆಳ್ಳಂದೂರು ಕೆರೆಗೆ ಬಿಡಬಹುದಲ್ವಾ?' ಎಂದು ಅದನ್ನು ಓದಿದ ಒಬ್ಬರು ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಣ್ಣೆ ತಿನ್ನುವುದರಲ್ಲಿ ಹೆಸರಾದ ಆಲ್ಕನಿವೊರಾಕ್ಸ್ ಎಂಬ ಬ್ಯಾಕ್ಟೀರಿಯಾ ಉಪ್ಪು ನೀರಿನ ಜೀವಿ. ಮಾಮೂಲಿ ದಿನಗಳಲ್ಲಿ ಅಲ್ಲೊಂದು ಇಲ್ಲೊಂದು ಇರುತ್ತದೆ ಅಷ್ಟೆ. ಎಣ್ಣೆ ಬಿದ್ದರೆ ಕೆಲವೇ ದಿನಗಳಲ್ಲಿ ರಾಶಿ ರಾಶಿ ಬೆಳೆಯುತ್ತದೆ. ಸೋಪಿನಂಥ ವಸ್ತುವನ್ನು ತಾನೇ ಮಾಡಿಕೊಂಡು ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ತೊಂದರೆ ಏನೆಂದರೆ, ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿದೆ, ಸಾರಜನಕ, ರಂಜಕ ತೀರಾ ಕಡಿಮೆ. ಬರೀ ಅನ್ನ, ಸಾರಿಲ್ಲ! ಅದಕ್ಕೇ 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಚೆಲ್ಲಿದಾಗ ದಡಕ್ಕೆ ಗೊಬ್ಬರ ಹಾಕಿದರು. ಹೊಸ ಬ್ಯಾಕ್ಟೀರಿಯಾ ಬೇಕಾಗಲಿಲ್ಲ, ಅಲ್ಲಿದ್ದವೇ ಚುರುಕಾದವು. ಆದರೂ ಗಾಳಿಯಾಡದ ಕಲ್ಲು, ಮರಳಿನ ಅಡಿ ಎಣ್ಣೆ 20 ವರ್ಷ ಕಳೆದರೂ ಹಾಗೇ ಇತ್ತು. ಡಾಂಬರಿನಂಥ ಭಾಗವಂತೂ ಸುಲಭಕ್ಕೆ ಕರಗುವುದಿಲ್ಲ.

ಬೆಳ್ಳಂದೂರಿನದು ಉಲ್ಟಾ ಕಥೆ. ಕೊಳಚೆಯಿಂದ ಸಾರಜನಕ, ರಂಜಕ ಜಾಸ್ತಿ, ಆಮ್ಲಜನಕಕ್ಕೆ ಬರ. ಉಪ್ಪೂ ಇಲ್ಲ. ಆ ಕೆರೆಯಲ್ಲಿ ನೊರೆ ಏಳುವುದು ಸೋಪು ನೀರಿನಿಂದ, ಕಚ್ಚಾ ಎಣ್ಣೆಯಿಂದ ಅಲ್ಲ. ಕಡಲ ಬ್ಯಾಕ್ಟೀರಿಯಾ ಅಲ್ಲಿ ಬಂದು ಏನು ಮಾಡೀತು?

ನಮ್ಮ ಬೀದಿಯ ಗ್ಯಾರೇಜೊಂದರಲ್ಲಿ ಹಳೆ ಎಂಜಿನ್ ಆಯಿಲನ್ನು ಸೀದಾ ಮೋರಿಗೆ ಸುರಿಯುತ್ತಾರೆ. ಕೇಳಿದರೆ, 'ಮಳೆ ಬಂದ್ರೆ ಹೋಗುತ್ತೆ ಬಿಡಿ ಸಾರ್' ಅಂದರು.