ಪುಕ್ಕಟೆ ಪ್ಯಾಲೆಟ್ಟು, 78 ಮೊಳೆ

ವಿಡಿಯೋ ಶುರುವಾಗುತ್ತದೆ. ಗೋದಾಮು, ಲಾರಿಗಳಲ್ಲಿ ಸಾಮಾನು ಪೇರಿಸಿಡುವ ಹಲಗೆ ಚೌಕಟ್ಟು, ಅಂದರೆ ಹಳೆಯ ಮರದ ಪ್ಯಾಲೆಟ್ಟೊಂದು, ಗೋಡೆಗೆ ಒರಗಿ ನಿಂತಿದೆ. ಹಿನ್ನೆಲೆಯಲ್ಲಿ ಗಿಟಾರು. ಇಸ್ತ್ರಿ ಅಂಗಿಯ ಮನುಷ್ಯನೊಬ್ಬ ಅದರ ಮೇಲೆ ಕೈಯಾಡಿಸಿ ನಗುತ್ತಾನೆ. ಮರುಕ್ಷಣವೇ ಮೇಜಿನ ಮೇಲೆ ಹಲಗೆಗಳು ಸಾಲಾಗಿ ಮಲಗಿವೆ. ಒಂದೂ ಸೀಳಿಲ್ಲ, ಒಂದರಲ್ಲೂ ಮೊಳೆಯಿಲ್ಲ. ಅಂಗಿಯ ಇಸ್ತ್ರಿ ಹಾಗೇ ಇದೆ. "ಈಗ ಇವನ್ನು ಜೋಡಿಸೋಣ" ಅನ್ನುತ್ತಾನೆ.

ಸ್ವಾಮಿ, ನಡುವೆ ಏನಾಯಿತು?

ಆ ಎರಡು ದೃಶ್ಯಗಳ ಮಧ್ಯೆ ಕತ್ತರಿ ಬಿದ್ದ ಭಾಗವೇ ಇಡೀ ಪ್ಯಾಲೆಟ್ ಕೆಲಸ. ಉಳಿದದ್ದೆಲ್ಲ ಬಣ್ಣ ಬಳಿಯುವುದು. ಹಲಗೆಗಳನ್ನು ಮೇಜಿಗೋ ಕಪಾಟಿಗೋ ಜೋಡಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಅದಕ್ಕೆ ಮೊದಲು ಹಲಗೆ ಹಲಗೆಯಾಗಿಯೇ ಕೈಗೆ ಬರಬೇಕಲ್ಲ, ಆ ವಿಷಯಕ್ಕೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ.

ಯುರೋಪಿನ ಪ್ರಮಾಣಿತ ಅಳತೆಯ ಯೂರೋ ಪ್ಯಾಲೆಟ್ಟನ್ನೇ ತೆಗೆದುಕೊಳ್ಳಿ. ಉದ್ದ 1200 ಮಿಲಿಮೀಟರ್, ಅಗಲ 800, ಎತ್ತರ 144. ಹಲಗೆ 11, ಅವುಗಳ ನಡುವೆ ಕೂತ ದಿಮ್ಮಿ 9, ಮೊಳೆ 78. ತಾನು ತೂಗುವುದು ಹೆಚ್ಚುಕಮ್ಮಿ 25 ಕೆಜಿ, ಹೊರುವುದು 1500 ಕೆಜಿ. ಫೋರ್ಕ್‌ಲಿಫ್ಟ್ ಎತ್ತಿ ಕುಕ್ಕಿದರೂ, ಲಾರಿಯಲ್ಲಿ ಕುಲುಕಿದರೂ, ಮಳೆಯಲ್ಲಿ ನೆನೆದರೂ ಕೀಲು ಸಡಿಲಬಾರದು ಎಂದು ಲೆಕ್ಕ ಹಾಕಿ ಮಾಡಿದ ವಸ್ತು ಅದು. ಒಂದು ಭಾನುವಾರ ಯಾರೋ ಸುತ್ತಿಗೆ ಹಿಡಿದು ಬಂದು ಇದನ್ನು ಬಿಡಿಸಲು ಕೂರುತ್ತಾರೆ ಅನ್ನುವುದು ವಿನ್ಯಾಸ ಮಾಡಿದವರ ತಲೆಗೇ ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೆ 79ನೆಯದನ್ನೂ ಹೊಡೆಯುತ್ತಿದ್ದರು.

ಇನ್ನು ಆ ಮೊಳೆ. ಗೋಡೆಗೆ ಕ್ಯಾಲೆಂಡರ್ ಹಾಕಲು ಹೊಡೆಯುತ್ತೇವಲ್ಲ, ಅಂಥ ನುಣುಪು ಮೈಯ ಸಾಧು ಜಾತಿಯಲ್ಲ ಇದು. ಮೈತುಂಬ ತಿರುಚು, ಇಲ್ಲವೇ ಬಳೆಬಳೆಯಾಗಿ ಏಣು. ಒಳಗೆ ಹೋಗುವಾಗ ಮರದ ನಾರನ್ನು ಸರಿಸಿಕೊಂಡು ಹೋಗುತ್ತದೆ. ಹೋದ ಮೇಲೆ ನಾರು ಮತ್ತೆ ಆ ಏಣುಗಳ ಸಂದಿಗೆ ಬಂದು ಕೂರುತ್ತದೆ. ಅಲ್ಲಿಗೆ ಬೀಗ ಬಿತ್ತು. ಮೇಲಿಂದ ತಲೆ ಬೇರೆ ಮರದೊಳಕ್ಕೆ ಹೂತಿರುತ್ತದೆ, ಸುತ್ತಿಗೆಯ ಕೊಕ್ಕೆ ಅದರ ಕೆಳಗೆ ನುಗ್ಗುವುದಿಲ್ಲ. ಸುತ್ತ ಉಳಿಯಿಂದ ಕೆರೆದು ತಲೆಯನ್ನು ಬಿಡಿಸಿಕೊಳ್ಳುತ್ತೀರಿ. ಕೊಕ್ಕೆ ಸಿಕ್ಕಿಸುತ್ತೀರಿ. ಜಗ್ಗುತ್ತೀರಿ. ಜಪ್ಪಯ್ಯ ಅಂದರೂ ಇಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಜಗ್ಗಿದರೆ 'ಟಿಂಗ್' ಅಂತ ಒಂದು ಸದ್ದು. ಬಂತಲ್ಲ ಎಂದು ನೋಡಿದರೆ ಕೊಕ್ಕೆಯಲ್ಲಿರುವುದು ತಲೆ ಮಾತ್ರ. ಮುಂಡ ಮರದಲ್ಲೇ. ತಲೆ ಹೋದರೂ ಜಾಗ ಬಿಡೆ ಎಂದು ಕೂತ ಮುಂಡಕ್ಕೆ ಇನ್ನು ಇಕ್ಕಳವೂ ಇಲ್ಲ, ಕೊಕ್ಕೆಯೂ ಇಲ್ಲ.

ಸರಿ, ಹಲಗೆಯನ್ನೇ ಎಬ್ಬಿಸೋಣ ಎಂದು ಸಲಾಕೆಯನ್ನು ಹಲಗೆಯ ತುದಿಗೆ ತೂರಿಸುತ್ತೀರಿ. ಎಲ್ಲರೂ ಮೊದಲು ಕೈಹಾಕುವುದು ತುದಿಗೇ, ಯಾಕೆಂದರೆ ಅಲ್ಲಿ ಸಂದಿ ಸುಲಭ. ಮೊಳೆಗಳು ಇರುವುದೂ ಅಲ್ಲೇ, ಅಂಚಿನಿಂದ ಬೆರಳಗಲದಲ್ಲಿ ಎರಡೋ ಮೂರೋ. ಒಣಗಿ ಗರಿಗರಿಯಾದ ಹಲಗೆ ಆ ಮೊಳೆಗಳ ಗೆರೆ ಹಿಡಿದು ನೇರ ಸೀಳುತ್ತದೆ. ಮೊಳೆ ಕದಲದೆ ಮರವೇ ಎದ್ದು ಬರುತ್ತದೆ. ಒಂದು ಕೈಯಲ್ಲಿ ಸೌದೆ, ಇನ್ನೊಂದು ಕೈಯಲ್ಲಿ ಸಲಾಕೆ, ಬೆರಳಲ್ಲಿ ಸಿಬಿರು.

ಇಷ್ಟು ಹೊತ್ತಿಗೆ ಅವರು ಬಂದಿರುತ್ತಾರೆ. ಸುತ್ತಿಗೆ ಸದ್ದು ಕೇಳಿದಲ್ಲೆಲ್ಲ ಅಂಥವರೊಬ್ಬರು ಪ್ರತ್ಯಕ್ಷರಾಗುತ್ತಾರೆ. ಎರಡೂ ಕೈ ಹಿಂದಕ್ಕೆ ಕಟ್ಟಿರುತ್ತದೆ, ಕೊನೆಯವರೆಗೂ ಬಿಚ್ಚುವುದಿಲ್ಲ. ಮೊದಲು, "ಏನ್ ಮಾಡ್ತಿದೀರಿ?" ನೀವು ಹೇಳುತ್ತೀರಿ. "ಓ, ಇಷ್ಟೇನಾ?" ಸ್ವಲ್ಪ ಹೊತ್ತು ಮೌನ. "ಕೆಳಗಿಂದ ಒಂದೇಟು ಹಾಕಿ." ಹಾಕುತ್ತೀರಿ. ಹಲಗೆ ಸೀಳುತ್ತದೆ. "ಅಷ್ಟು ಜೋರಾಗಲ್ಲ." ಮೆಲ್ಲಗೆ ಹಾಕುತ್ತೀರಿ. ಏನೂ ಆಗುವುದಿಲ್ಲ. "ಅಷ್ಟು ಮೆಲ್ಲಗೂ ಅಲ್ಲ." ಆಮೇಲೆ ಆ ಮಹಾವಾಕ್ಯ: "ಇದಕ್ಕೆ ಒಂದು ಟೂಲ್ ಬರುತ್ತೆ." ಯಾವುದು ಎಂದು ಕೇಳಿದರೆ ಹೆಸರು ಗೊತ್ತಿಲ್ಲ. ಎಲ್ಲಿ ಸಿಗುತ್ತದೆ ಎಂದರೆ ಗೊತ್ತಿಲ್ಲ. ಹೇಗಿರುತ್ತದೆ ಎಂದರೆ ಗಾಳಿಯಲ್ಲಿ ಗಲ್ಲದಿಂದ ತೋರಿಸುತ್ತಾರೆ, ಕೈ ಇನ್ನೂ ಹಿಂದೆಯೇ ಇರುವುದರಿಂದ.

ಅತಿಯಾಗಿ ಉರಿಯುವ ಸಂಗತಿ ಏನೆಂದರೆ ಅವರು ಹೇಳಿದ್ದು ನಿಜ. ಟೂಲ್ ಬರುತ್ತೆ. ಉದ್ದ ಹಿಡಿಯ ತುದಿಗೆ ಎರಡು ಕಬ್ಬಿಣದ ಕವಲು. ಹಲಗೆಯ ಕೆಳಗಿನ ಅಡ್ಡಪಟ್ಟಿಯ ಆಚೆಗೊಂದು ಈಚೆಗೊಂದು ಕೂತು, ಮೊಳೆಯ ಪಕ್ಕದಲ್ಲೇ ಹಲಗೆಯನ್ನು ಎರಡೂ ಕಡೆಯಿಂದ ಸಮವಾಗಿ ಎತ್ತುತ್ತದೆ. ಸಮವಾಗಿ ಎತ್ತುವುದೇ ಗುಟ್ಟು. ಒಂದು ಕೀಲನ್ನು ಪೂರ್ತಿ ಬಿಡಿಸಿ ಇನ್ನೊಂದಕ್ಕೆ ಹೋಗಬಾರದು. ಮೊದಲು ನಡುವಿನದನ್ನು ಬೆರಳಗಲ, ಆಮೇಲೆ ತುದಿಗಳನ್ನು ಬೆರಳಗಲ, ಮತ್ತೆ ನಡು, ಹೀಗೆ ಹಲಗೆಯನ್ನು ಮಟ್ಟಸವಾಗಿಯೇ ಮೇಲೇಳಿಸಬೇಕು.

ಆದರೂ ಮೊಳೆ ಕೀಳುವ ಹಟ ಬಿಟ್ಟವರೇ ಸುಖಿಗಳು. ಅಲಗು ಹಿಂದೆ ಮುಂದೆ ಓಡುವ ರೆಸಿಪ್ರೊಕೇಟಿಂಗ್ ಗರಗಸಕ್ಕೆ ಲೋಹ ಕೊಯ್ಯುವ ಬೈಮೆಟಲ್ ಬ್ಲೇಡ್ ಹಾಕಿ. ಉದ್ದನೆಯದೇ ಇರಲಿ, ಬಾಗಿ ಸಂದಿಗೆ ಹೋಗಬೇಕು. ಸಲಾಕೆಯಿಂದ ಹಲಗೆಯನ್ನು ಬ್ಲೇಡ್ ನುಗ್ಗುವಷ್ಟು ಮಾತ್ರ ಎಬ್ಬಿಸಿ, ಒಳಗಿನ ಮೊಳೆಯನ್ನೇ ಕೊಯ್ದುಬಿಡಿ. ಹಲಗೆ ಸೀಳದೆ ಕೈಗೆ ಬರುತ್ತದೆ. ಹಲಗೆಯಲ್ಲಿ ಉಳಿದ ತುಂಡನ್ನು ಹಿಂದಿನಿಂದ ಪಂಚ್ ಇಟ್ಟು ತಟ್ಟಿದರೆ ತಲೆಸಮೇತ ಹೊರಬೀಳುತ್ತದೆ. ಈ ದಾರಿಯಲ್ಲಿ ನಷ್ಟವಾಗುವುದು ಬ್ಲೇಡ್. ಒಂದೆರಡು ಹೆಚ್ಚಿಗೆ ಇಟ್ಟುಕೊಂಡಿರಿ, ಕಣ್ಣಿಗೆ ಕನ್ನಡಕ ಹಾಕಿ.

ಸಣ್ಣ ತುಂಡೇ ಸಾಕು ಅನ್ನುವವರಿಗೆ ಇನ್ನೂ ಸೋಮಾರಿ ದಾರಿಯಿದೆ: ಮೊಳೆಗಳ ತಂಟೆಗೇ ಹೋಗದೆ, ದಿಮ್ಮಿಗಳ ಪಕ್ಕದಲ್ಲೇ ಹಲಗೆಯನ್ನು ಅಡ್ಡ ಕೊಯ್ಯುವುದು. ಯೂರೋ ಪ್ಯಾಲೆಟ್ಟಿನ ಉದ್ದದ ಹಲಗೆಯಲ್ಲಿ ದಿಮ್ಮಿಯಿಂದ ದಿಮ್ಮಿಗೆ ಸುಮಾರು 38 ಸೆಂಟಿಮೀಟರ್ ಸಿಗುತ್ತದೆ. ಹೂಕುಂಡದ ಪೆಟ್ಟಿಗೆಗೆ, ಸಣ್ಣ ಶೆಲ್ಫಿಗೆ ಧಾರಾಳ. ಮೊಳೆಗಳೆಲ್ಲ ದಿಮ್ಮಿಯ ಜೊತೆ ಹಾಗೇ ಸಂಸಾರ ಮಾಡಿಕೊಂಡಿರಲಿ.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದನ್ನು ಎಲ್ಲರೂ ಕೊನೆಗೆ ಮಾಡುತ್ತಾರೆ. ಮುದ್ರೆ ಓದುವುದು. 2002ರಲ್ಲಿ ಜಾರಿಗೆ ಬಂದ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ, ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ಟಿನ ಮರವನ್ನು ಹುಳುಹುಪ್ಪಟೆ ಸಾಯುವಂತೆ ಸಂಸ್ಕರಿಸಬೇಕು. ದಿಮ್ಮಿಯ ಮೇಲೆ ಗೋಧಿ ತೆನೆಯ ಗುರುತು, ದೇಶದ ಎರಡಕ್ಷರ, ಪಕ್ಕದಲ್ಲಿ ಸಂಸ್ಕಾರದ ಸಂಕೇತ ಇರುತ್ತದೆ. 'ಎಚ್‌ಟಿ' ಇದ್ದರೆ ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿದೆ ಎಂದರ್ಥ. ಅದು ಬೇಕು. 'ಎಂಬಿ' ಇದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಕುಡಿದಿದೆ. ಓಜೋನ್ ಪದರಕ್ಕೆ ಕೆಡುಕೆಂದು 1992ರಲ್ಲಿ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿದ ವಿಷ ಅದು. ಅಂಥದ್ದು ಕಂಡರೆ ನಮಸ್ಕಾರ ಹೇಳಿ ಮುಂದೆ ಹೋಗಿ. ಒಲೆಗೂ ಬೇಡ. ಮುದ್ರೆಯೇ ಇಲ್ಲದ ಪ್ಯಾಲೆಟ್ಟು ದೇಶದೊಳಗೇ ಓಡಾಡಿದ್ದಿರಬಹುದು, ಆದರೆ ತರಕಾರಿ ಮಡಿಗೆ, ಮಕ್ಕಳ ಮಂಚಕ್ಕೆ ಅದನ್ನು ನಂಬಬೇಕಾಗಿಲ್ಲ. ಮೈಗೆಲ್ಲ ನೀಲಿಯೋ ಕೆಂಪೋ ಬಳಿದಿದ್ದರೆ ಅದು ಸಾಮಾನ್ಯವಾಗಿ ಬಾಡಿಗೆಗೆ ಓಡುವ ಪ್ಯಾಲೆಟ್ಟು. ರಸ್ತೆ ಬದಿ ಬಿದ್ದಿದ್ದರೂ ಅದಕ್ಕೊಬ್ಬ ಯಜಮಾನ ಇರುತ್ತಾನೆ.

ಮುದ್ರೆ ಹೇಳದ್ದೂ ಇದೆ. ಆಮೇಲೆ ಅದರ ಮೇಲೆ ಏನು ಚೆಲ್ಲಿತು ಅನ್ನುವುದನ್ನು ಮೂಗೇ ಹೇಳಬೇಕು. ಎಣ್ಣೆ ಕಲೆ, ಔಷಧಿ ವಾಸನೆ ಇದ್ದರೆ "ಬಿಸಿಲಿಗಿಟ್ಟರೆ ಹೋಗುತ್ತೆ ಬಿಡಿ" ಅನ್ನುವವರ ಮನೆಗೇ ಕಳಿಸಿಕೊಡಿ. ಇನ್ನೊಂದು, ಎಚ್‌ಟಿ ಎಂದರೆ ಗೆದ್ದಲಿನಿಂದ ರಕ್ಷಣೆ ಅಂತ ಅಲ್ಲ. ಆಗ ಒಳಗಿದ್ದ ಹುಳ ಸತ್ತಿತು, ಅಷ್ಟೇ. ಮುಂದೆ ಬರುವ ಗೆದ್ದಲಿಗೆ ಅದು ಬರೀ ಮರ.

ಹಲಗೆಗಳು ಹೇಗೋ ಬಂದವು ಅನ್ನಿ. ಮೊದಲು ಅಯಸ್ಕಾಂತ ಓಡಿಸಿ, ಆಮೇಲೆ ಉಜ್ಜಿ. ಕಣ್ಣಿಗೆ ಕಾಣದ ಒಂದು ಮೊಳೆ ಚೂರು ಸ್ಯಾಂಡ್ ಪೇಪರನ್ನು ಒಂದೇ ಸುತ್ತಿನಲ್ಲಿ ಹರಿಯುತ್ತದೆ. ರಂದದ ಅಲಗಿಗೆ ಸಿಕ್ಕಿದರಂತೂ ಅಲಗೇ ಹೋಯಿತು. 60ನೇ ಗ್ರಿಟ್‌ನ ಒರಟು ಕಾಗದದಿಂದ ಶುರು, ಆಮೇಲೆ 80, ಕೊನೆಗೆ 120. ನೇರ 120ಕ್ಕೆ ಹಾರಿದವರು ಸಂಜೆಯವರೆಗೂ ಉಜ್ಜುತ್ತಿರುತ್ತಾರೆ. ಮುಖಕ್ಕೆ ಮಾಸ್ಕ್ ಇರಲಿ. ಸ್ಕ್ರೂ ಹಾಕುವ ಮುನ್ನ ತೂತು ಕೊರೆಯಲೇಬೇಕು. 4 ಮಿಲಿಮೀಟರ್ ಸ್ಕ್ರೂಗೆ 3 ಮಿಲಿಮೀಟರ್ ತೂತು, ತುದಿಯಿಂದ ಕನಿಷ್ಠ 25 ಮಿಲಿಮೀಟರ್ ಒಳಗೆ. ಇಲ್ಲದಿದ್ದರೆ ಅಷ್ಟು ಜೋಪಾನವಾಗಿ ಉಳಿಸಿಕೊಂಡ ಹಲಗೆ ಈಗ ಸೀಳುತ್ತದೆ.

ಉಜ್ಜುವಾಗ ಮಾತ್ರ ಸಿಟ್ಟು ಕೊಂಚ ಇಳಿಯುತ್ತದೆ. ಬೂದಿ ಬಣ್ಣವೆಲ್ಲ ಬರೀ ಮೇಲ್ಪದರ, ಬಿಸಿಲು ಮಳೆ ತಿಂದದ್ದು. ಅದು ಹೋದೊಡನೆ ಜೇನಿನ ಬಣ್ಣದ ಮರ ಬರುತ್ತದೆ, ಪೈನ್ ಆಗಿದ್ದರೆ ರಾಳದ ಪರಿಮಳವೂ. ಓಕ್ ಆಗಿದ್ದರೆ ಮೊಳೆಯಿದ್ದ ತೂತಿನ ಸುತ್ತ ನೀಲಿಗಪ್ಪು ಬಳೆಯೊಂದು ಕಾಣುತ್ತದೆ. ಮರದ ಒಗರೂ ಕಬ್ಬಿಣವೂ ತೇವದಲ್ಲಿ ಕೂಡಿ ಬರೆದ ಗುರುತು ಅದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಯಾವುದೋ ದೇಶದ ಕಾಡಿನಲ್ಲಿ ಬೆಳೆದದ್ದು. ಆ ಎರಡಕ್ಷರ ಬಿಟ್ಟರೆ ಊರು ಕೇರಿ ಗೊತ್ತಿಲ್ಲ. ಹೊತ್ತದ್ದೆಲ್ಲ ಬೇರೆಯವರ ಸಾಮಾನು. ಇಷ್ಟು ಚಂದದ ಎಳೆಯನ್ನು ಇಷ್ಟು ದಿನ ಯಾರೂ ನೋಡಿಯೇ ಇರಲಿಲ್ಲವಲ್ಲ ಎಂದು ಒಂದು ಗಳಿಗೆ ಕೈ ನಿಲ್ಲುತ್ತದೆ. ಮತ್ತೆ ಉಜ್ಜಲು ಹೋದರೆ ಕರ್ ಅಂತ ಸದ್ದು. ಮೊಳೆ.

ಬಿಡಿಸುವ ಗೋಜೇ ಇಲ್ಲದ ಸೋಫಾ ಮಾಡುತ್ತೇವೆ ಅನ್ನುವವರು ಲೆಕ್ಕ ನೋಡಲಿ. ಒಂದರ ಮೇಲೊಂದು ಎರಡು ಯೂರೋ ಪ್ಯಾಲೆಟ್ಟು, 288 ಮಿಲಿಮೀಟರ್. ಮೇಲೆ 150ರ ದಿಂಬು. ಎತ್ತರ ಸರಿಯಾಗಿಯೇ ಬಂತು. ಆಳ? 800. ಕೂರಲು ಬೇಕಾದದ್ದು 500ರಿಂದ 550. ಬಂದ ನೆಂಟರು ಒಂದೋ ಸಂದರ್ಶನಕ್ಕೆ ಬಂದವರ ಹಾಗೆ ಅಂಚಿನಲ್ಲಿ ನೆಟ್ಟಗೆ ಕೂರಬೇಕು, ಇಲ್ಲವೇ ಮಲಗಿಬಿಡಬೇಕು. ಬೆನ್ನಿಗೆ ಇನ್ನೊಂದು ಸಾಲು ದಪ್ಪ ದಿಂಬು ಬೇಕಾಗುತ್ತದೆ, ಅಲ್ಲಿಗೆ ಪುಕ್ಕಟೆ ಸೋಫಾದ ದಿಂಬಿನ ಖರ್ಚು ಅಂಗಡಿಯ ಸೋಫಾದ ಬೆಲೆಯತ್ತ ನಡೆಯತೊಡಗುತ್ತದೆ. ನಾಲ್ಕು ಪ್ಯಾಲೆಟ್ಟಿನ ಸೋಫಾ 100 ಕೆಜಿ, ಗುಡಿಸಲು ಸರಿಸುವವರು ಯಾರು? ಕೆಳಗಿನ ಸಂದಿಯಲ್ಲಿ ಪೊರಕೆ ಆಡುವುದಿಲ್ಲ, ಚೆಂಡು ಮಾತ್ರ ಸಲೀಸಾಗಿ ಹೋಗುತ್ತದೆ. ಮೂಲೆಗಳಂತೂ ಸರಿಯಾಗಿ ಮೊಣಕಾಲ ಕೆಳಗಿನ ಮೂಳೆಗೆ ಅಳತೆ ತೆಗೆದು ಮಾಡಿಸಿದ ಹಾಗಿವೆ.

ಪ್ಯಾಲೆಟ್ಟನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ ಮಾಡುವ ತೋಟ ಇದಕ್ಕಿಂತ ವಾಸಿ. ಹಿಂಬದಿಗೂ ತಳಕ್ಕೂ ನೀರಿಳಿಯುವ ಬಟ್ಟೆಯನ್ನು ಎರಡು ಪದರ ಮಾಡಿ ಸ್ಟೇಪಲ್ ಹೊಡೆದು, ಮಣ್ಣು ತುಂಬಿ, ಸಂದಿಗಳಲ್ಲಿ ಪುದೀನದಂಥ ಮೇಲ್ಬೇರಿನ ಗಿಡ ನೆಡಿ. ನೆಟ್ಟ ಕೂಡಲೇ ನಿಲ್ಲಿಸಿ ಫೋಟೋ ತೆಗೆಯಬೇಡಿ. ಬೇರು ಹಿಡಿಯುವವರೆಗೆ ಎರಡು ವಾರ ಮಲಗಿಸಿಯೇ ಇಡಬೇಕು, ಇಲ್ಲದಿದ್ದರೆ ತೋಟ ನೆಲದ ಮೇಲಿರುತ್ತದೆ, ಪ್ಯಾಲೆಟ್ಟು ಗೋಡೆಗಿರುತ್ತದೆ. ಮೇಲಿನ ಸಾಲು ಬೇಗ ಒಣಗುತ್ತದೆ, ಕೆಳಗಿನದು ಕೆಸರಾಗುತ್ತದೆ. ನೀರು ಬೇಡುವ ಗಿಡ ಕೆಳಗಿರಲಿ. ಹಸಿಮಣ್ಣಿನ ಭಾರ ಸಣ್ಣದಲ್ಲ, ಗೋಡೆಗೆ ಬಿಗಿದು ಕಟ್ಟಿ.

ಪ್ಯಾಲೆಟ್ಟು ತಕರಾರಿಲ್ಲದೆ ಒಪ್ಪುವ ಕೆಲಸವೆಂದರೆ ಗೊಬ್ಬರದ ತೊಟ್ಟಿ. ನಾಲ್ಕನ್ನು ಚೌಕವಾಗಿ ನಿಲ್ಲಿಸಿ ಮೂಲೆಗಳನ್ನು ತಂತಿಯಿಂದ ಬಿಗಿದರೆ ಮುಗಿಯಿತು. ಮುಂದಿನದನ್ನು ಹಗ್ಗದಲ್ಲಿ ಕಟ್ಟಿ, ಬಾಗಿಲಾಗುತ್ತದೆ. ಒಳಗೆ ಸುಮಾರು ಒಂದು ಘನ ಮೀಟರ್ ರಾಶಿ ಹಿಡಿಯುತ್ತದೆ, ಗೊಬ್ಬರ ತಾನೇ ಬಿಸಿಯೇರಲು ಅಷ್ಟು ಬೇಕು. ಸಂದಿಗಳಲ್ಲಿ ಗಾಳಿ ಆಡುತ್ತದೆ. ಸುತ್ತಿಗೆ ಎತ್ತಬೇಕಾಗಿಲ್ಲ. ಕೆಲವು ವರ್ಷಕ್ಕೆ ಕೊಳೆತರೆ ಅದೂ ಗೊಬ್ಬರವೇ. ವಿಡಿಯೋದವರು ಇದನ್ನು ತೋರಿಸುವುದಿಲ್ಲ, ಗಿಟಾರಿಗೆ ಹೊಂದುವುದಿಲ್ಲವೋ ಏನೋ.

ಉಳಿದ ಪ್ಯಾಲೆಟ್ಟುಗಳನ್ನು "ಇರಲಿ, ಯಾವುದಕ್ಕಾದರೂ ಆಗುತ್ತೆ" ಎಂದು ಗೋಡೆಗೆ ಒರಗಿಸಿ ಇಟ್ಟಿರುತ್ತೀರಲ್ಲ, ಅದು ಗೆದ್ದಲಿಗೆ ನೆಲದಿಂದ ಮನೆಗೆ ಹಾಕಿಕೊಟ್ಟ ಏಣಿ. ಗೋಡೆಯಿಂದ ದೂರ, ಇಟ್ಟಿಗೆಯ ಮೇಲೆ, ಮಟ್ಟಸವಾಗಿ ಪೇರಿಸಿ ಮುಚ್ಚಿಡಿ. ಇನ್ನೊಂದು ಮಳೆಗಾಲದವರೆಗೂ ಕೈಹಾಕದಿದ್ದರೆ ಬೇಕಾದವರಿಗೆ ಕೊಟ್ಟುಬಿಡಿ. ತೆಗೆದುಕೊಂಡು ಹೋಗಲು ಯಾರಾದರೂ ಬಂದೇ ಬರುತ್ತಾರೆ. ಬಂದವರು ಒಂದು ಸುತ್ತು ಹಾಕಿ ನೋಡಿ, ಕೈ ಹಿಂದೆ ಕಟ್ಟಿಕೊಂಡು ಕೇಳುತ್ತಾರೆ: "ಮೊಳೆ ಕಿತ್ತು ಕೊಡ್ತೀರಾ?"