ಕುಡಿ ಚಿವುಟಿದರೆ ಹತ್ತಿ ಎಲೆಯ ಮುಪ್ಪು ಮುಂದಕ್ಕೆ ಹೋಗುವುದೇ?

ಪರ

ಹತ್ತಿಯ ಹೂವು ಕಾಯಾಗಿ ಒಡೆಯಲು ಸುಮಾರು 45ರಿಂದ 50 ದಿನ ಬೇಕು. ಆ ಕಾಯಿಗೆ ಬೇಕಾದ ಸಕ್ಕರೆಯ ದೊಡ್ಡ ಪಾಲು ಅದರ ಪಕ್ಕದ ಎಲೆಯಿಂದಲೇ ಬರುತ್ತದೆ. ಆದರೆ ಆ ಎಲೆ ಬಿಚ್ಚಿಕೊಂಡ ಸುಮಾರು ಮೂರು ವಾರಕ್ಕೆ ತನ್ನ ಪೂರ್ಣ ಶಕ್ತಿ ತಲುಪಿ, ಕಾಯಿ ತುಂಬುವ ಹೊತ್ತಿಗೆ ಇಳಿವಯಸ್ಸಿಗೆ ಬಂದಿರುತ್ತದೆ. ಬಿತ್ತನೆಯಾದ ಎಂಬತ್ತು, ತೊಂಬತ್ತು ದಿನಗಳ ಸುಮಾರಿಗೆ ಕುಡಿ ಚಿವುಟುವುದು ಈ ಕೊರತೆಯನ್ನು ತಗ್ಗಿಸಲು ರೈತನ ಕೈಯಲ್ಲಿರುವ ಅತಿ ಸರಳ ಉಪಾಯವೆಂದು ನಾನು ನಂಬುತ್ತೇನೆ.

ಇದರ ಹಿಂದಿನ ಕಾರಣ ಸ್ಪಷ್ಟವಾಗಿದೆ. ಬೆಳೆಯುವ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕಾಂಡದಗುಂಟ ಕೆಳಗಿಳಿದು ಪಕ್ಕದ ಮೊಗ್ಗುಗಳನ್ನು ಅದುಮಿಡುತ್ತದೆ. ಜೊತೆಗೆ, ಎಲೆಯನ್ನು ಹಸಿರಾಗಿಡುವ ಸೈಟೋಕೈನಿನ್ ಎಂಬ ಹಾರ್ಮೋನಿನ ತಯಾರಿಯನ್ನೂ ಕುಗ್ಗಿಸುತ್ತದೆ. ತುದಿ ಹೋದರೆ ಆ ಹಿಡಿತ ಸಡಿಲಗೊಂಡು, ಬೇರಿನಿಂದ ಏರಿಬರುವ ಸೈಟೋಕೈನಿನ್ ಉಳಿದ ಎಲೆಗಳಿಗೆ ಹೆಚ್ಚು ದಕ್ಕುತ್ತದೆ. ಕಿತ್ತ ಎಲೆಗೆ ಸೈಟೋಕೈನಿನ್ ಗುಂಪಿನದೇ ಆದ ಕೈನೆಟಿನ್ ಉಣಿಸಿದರೆ ಅದು ಹಳದಿಯಾಗುವುದು ತಡವಾಗುತ್ತದೆಂದು ವಿಜ್ಞಾನಿಗಳಾದ ರಿಚ್ಮಂಡ್ ಮತ್ತು ಲ್ಯಾಂಗ್ 1957ರಲ್ಲಿಯೇ ತೋರಿಸಿದ್ದರು. ಕುಡಿ ಚಿವುಟುವುದಕ್ಕೆ ಔಷಧದ ಖರ್ಚಿಲ್ಲ. ಹತ್ತಿ ಆಳೆತ್ತರ ಬೆಳೆಯುವ ಫಲವತ್ತಾದ ನೀರಾವರಿ ಹೊಲದಲ್ಲಿ ಕೆಳಗಿನ ಎಲೆಗಳಿಗೆ ಬಿಸಿಲು ಬೀಳುವುದೂ ಸಣ್ಣ ಲಾಭವಲ್ಲ. ನೆರಳಿಗೆ ಸಿಕ್ಕ ಎಲೆ ಬೇಗ ಉದುರುತ್ತದೆ.

ವಿರೋಧ

ಕುಡಿ ಚಿವುಟುವುದನ್ನು ಹೊಗಳುವವರು ಚೀನಾದ ಷಿನ್‌ಜಿಯಾಂಗ್‌ನತ್ತ ಬೊಟ್ಟು ಮಾಡುತ್ತಾರೆ. ಅಲ್ಲಿ ಪ್ರತಿ ಜುಲೈನಲ್ಲಿ ಕುಡಿ ತೆಗೆಯುವುದು ನಿಜ. ಆದರೆ ಅದರ ಮುಖ್ಯ ಉದ್ದೇಶ ಎಲೆಯ ಆಯುಷ್ಯವಲ್ಲ, ಚಳಿಯ ಹಿಮ ಬೀಳುವುದರೊಳಗೆ ಕಾಯಿ ಒಡೆಯಬೇಕೆಂಬ ಅವಸರ. ಅಲ್ಲಿ ಹನಿ ನೀರಾವರಿಯ ಆಸರೆಯೂ ಇದೆ. ಹಾವೇರಿ, ಧಾರವಾಡದ ಮಳೆಯಾಶ್ರಿತ ಎರೆಹೊಲಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಇಲ್ಲಿ ಎಲೆಯ ಮುಪ್ಪನ್ನು ನಿರ್ಧರಿಸುವುದು ಬೇರು. ಮಳೆ ನಿಂತು ನೆಲ ಬಿರಿದಾಗ ಬೇರಿನಲ್ಲಿ ಎಲೆಯ ಮುಪ್ಪನ್ನು ಬೇಗ ತರುವ ಅಬ್ಸಿಸಿಕ್ ಆಮ್ಲ ಹೆಚ್ಚಿ, ಸೈಟೋಕೈನಿನ್ ಇಳಿಯುತ್ತದೆ. ಪೊಟ್ಯಾಷ್ ಕೊರತೆಯಲ್ಲಿಯೂ ಹೀಗೆಯೇ. ಬೇರೇ ಸೊರಗಿದಾಗ ತುದಿ ಚಿವುಟಿದರೆ ಮೇಲೇರಿಬರಲು ಸೈಟೋಕೈನಿನ್ ಎಲ್ಲಿಂದ ಬರಬೇಕು? ಕಾಯಿಕೊರಕವನ್ನು ತಡೆಯಲು ಕುಲಾಂತರಿಗೊಳಿಸಿದ ಬಿಟಿ ತಳಿಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು: ಅಮೆರಿಕನ್ ಕಾಯಿಕೊರಕದ ಕಾಟ ತಗ್ಗಿ ಮೊದಲ ಕಾಯಿಗಳೇ ಹೆಚ್ಚು ನಿಂತಾಗ ಅವು ಎಲೆಗಳ ಸಾರಜನಕವನ್ನು ತಮ್ಮೆಡೆಗೆ ಸೆಳೆಯುತ್ತವೆ, ರಾತ್ರಿಯ ಚಳಿ ಸೇರಿದೊಡನೆ ಎಲೆ ಕೆಂಪಾಗುತ್ತದೆ. ಗಿಡದ ಅತಿ ಎಳೆಯ ಎಲೆಗಳು ಹುಟ್ಟುವ ತಾಣವನ್ನೇ ಕಿತ್ತುಹಾಕಿ, ಕಾಯಿಗಳ ಇಡೀ ಭಾರವನ್ನು ಹಳೆಯ ಎಲೆಗಳ ಮೇಲೆ ಹೊರಿಸುವುದು ಆಗ ಪರಿಹಾರವಾಗದು. ಕೆಂಪಾಗುವ ಎಲೆಗೆ ಶೇ. 1ರ ಮೆಗ್ನೀಷಿಯಂ ಸಲ್ಫೇಟ್ ಸಿಂಪಡಣೆ, ಕಾಯಿ ಕಟ್ಟುವಾಗ ಮೇಲುಗೊಬ್ಬರವಾಗಿ ಸಾರಜನಕ ಮತ್ತು ಪೊಟ್ಯಾಷ್, ಸಾಲುಗಳ ನಡುವೆ ತೇವ ಕಾಯುವ ಎಡೆಹೊಡೆತ ಇವೇ ಮೊದಲು ಆಗಬೇಕಾದ ಕೆಲಸಗಳು.

ಕೈಯಿಂದ ಚಿವುಟುವ ಬದಲು ಮೆಪಿಕ್ವಾಟ್ ಕ್ಲೋರೈಡ್ ಎಂಬ ರಾಸಾಯನಿಕ ಸಿಂಪಡಿಸಬಹುದೆನ್ನುವವರಿದ್ದಾರೆ. ಅದು ಗಿಡವನ್ನು ಎತ್ತರಕ್ಕೆ ಬೆಳೆಸುವ ಜಿಬ್ಬರೆಲಿನ್ ಹಾರ್ಮೋನಿನ ತಯಾರಿಯನ್ನು ತಡೆದು ಗಿಡವನ್ನು ಗಿಡ್ಡವಾಗಿಸುತ್ತದೆ, ಎಲೆಯನ್ನು ದಪ್ಪಗೊಳಿಸಿ ಕಡುಹಸಿರಾಗಿ ಕಾಣುವಂತೆ ಮಾಡುತ್ತದೆ. ಬರಕ್ಕೆ ಸಿಕ್ಕು ಮೊದಲೇ ಮುದುಡಿದ ಗಿಡಕ್ಕೆ ಅದನ್ನು ಹೊಡೆಯುವುದು ಇದ್ದ ಬೆಳವಣಿಗೆಯನ್ನೂ ಕಟ್ಟಿಹಾಕಿದಂತೆ.

ಇನ್ನು, ಎಲೆ ಹಸಿರಾಗಿ ಉಳಿದಷ್ಟೂ ಒಳ್ಳೆಯದೆಂಬ ಎಣಿಕೆಯೂ ತಪ್ಪು. ಗುಲಾಬಿ ಕಾಯಿಕೊರಕದ ಹಾವಳಿಯಿರುವಲ್ಲಿ ಬೆಳೆಯನ್ನು ಡಿಸೆಂಬರ್, ಜನವರಿಯೊಳಗೆ ಮುಗಿಸಬೇಕೆಂಬುದು ತಜ್ಞರ ಸಲಹೆ. ಹಸಿರು ಗಿಡದ ಆಸೆಗೆ ಬಿದ್ದು ಫೆಬ್ರವರಿಯವರೆಗೆ ಹೊಲದಲ್ಲಿ ಬಿಟ್ಟ ಹತ್ತಿ, ಮುಂದಿನ ಹಂಗಾಮಿನ ಕೀಟಕ್ಕೆ ತಾವು ಕೊಡುತ್ತದೆ.